ಕಾರ್ನ್‌ವಾಲಿಸ್ ಯಾರ್ಕ್‌ಟೌನ್‌ನಲ್ಲಿ ಸಿಕ್ಕಿಬಿದ್ದದ್ದು ಹೇಗೆ?

ಪ್ರಶ್ನೆ
1775ರಲ್ಲಿ ಅಮೆರಿಕದ 13 ವಸಾಹತುಗಳಿಗೆ ಪಳಗಿದ ಸೈನ್ಯವಿರಲಿಲ್ಲ, ಹೇಳಿಕೊಳ್ಳುವಂಥ ನೌಕಾಪಡೆಯೂ ಇರಲಿಲ್ಲ. ಆದರೂ ಸ್ವಾತಂತ್ರ್ಯಕ್ಕಾಗಿ ಬ್ರಿಟನ್ ವಿರುದ್ಧ ನಡೆದ ಯುದ್ಧದಲ್ಲಿ, 1781ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ವರ್ಜೀನಿಯಾದ ಯಾರ್ಕ್‌ಟೌನ್‌ನಲ್ಲಿ ಶರಣಾದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನೂ ಇವನೇ, ಅಂದರೆ ದಡ್ಡ ಸೇನಾಪತಿಯಂತೂ ಅಲ್ಲ. ರೈತರು ಮರದ ಮರೆಯಿಂದ ಗುಂಡು ಹಾರಿಸಿ ಗೆದ್ದರು ಅಂತಲೇ ಓದಿದ್ದೇನೆ. ಅಷ್ಟರಿಂದಲೇ ಗೆದ್ದರೆ?

ಉತ್ತರ (ಪೆಟ್ಲುಪ್ಪು)
ಮರೆಯಿಂದ ಹೊಡೆಯುವುದು 1775ರ ಏಪ್ರಿಲ್ 19ರಂದು, ಕಾಂಕರ್ಡ್‌ನಿಂದ ಬಾಸ್ಟನ್ನಿಗೆ ಹಿಂದಿರುಗುತ್ತಿದ್ದ ಬ್ರಿಟಿಷ್ ಪಡೆಯ ಮೇಲೆ ಚೆನ್ನಾಗಿ ನಡೆಯಿತು. ಆದರೆ ಬಂದೂಕು ಇದ್ದರೆ ಸಾಲದು, ಮದ್ದು ಬೇಕಲ್ಲ. ಅದೇ ಆಗಸ್ಟ್‌ನಲ್ಲಿ ವಾಷಿಂಗ್ಟನ್ ದಾಸ್ತಾನು ನೋಡಿಸಿದಾಗ ತಲೆಗೆ ಸುಮಾರು 9 ಸುತ್ತು ಮಾತ್ರ ಇತ್ತು. ಪಳಗಿದ ಸಿಪಾಯಿ ಅದನ್ನು ಮೂರು ನಿಮಿಷದಲ್ಲಿ ಮುಗಿಸುತ್ತಾನೆ.

ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್). ಕೊಟ್ಟಿಗೆಯ ಮಣ್ಣನ್ನು ನೀರಿನಲ್ಲಿ ನೆನೆಸಿ, ಸೋಸಿ, ಕುದಿಸಿ ತೆಗೆಯಬೇಕು. ಮಣ್ಣು ಎಷ್ಟಿದ್ದರೂ ಉಪ್ಪು ಸಿಗುವುದು ಸ್ವಲ್ಪವೇ. ಹಾಗಾಗಿ ಮೊದಲ ವರ್ಷಗಳ ಮದ್ದಿನಲ್ಲಿ ಬಹುಪಾಲು ಹೊರಗಿನಿಂದ ಬಂತು. ಫ್ರಾನ್ಸ್ 1778ರ ಒಪ್ಪಂದಕ್ಕೆ ಮುಂಚೆಯೇ ನೆಪಕ್ಕೊಂದು ವ್ಯಾಪಾರಿ ಕಂಪನಿ ಕಟ್ಟಿಸಿ ಮದ್ದು, ಬಂದೂಕು ಕಳಿಸುತ್ತಿತ್ತು.

ಉತ್ತರ (ದಾರಿಖರ್ಚು)
ಫ್ರಾನ್ಸಿನ ಜೊತೆ ಆ ಒಪ್ಪಂದ ಕುದುರಿದ್ದು ಸಾರಟೋಗಾದ ಗೆಲುವಿನಿಂದ. 1777ರಲ್ಲಿ ಬ್ರಿಟಿಷ್ ಸೇನಾಪತಿ ಬರ್ಗಾಯ್ನ್ ಕೆನಡಾದಿಂದ ದಕ್ಷಿಣಕ್ಕೆ ಇಳಿದ. ವಸಾಹತಿನವರು ದಾರಿಗೆ ಮರ ಕಡಿದು ಕೆಡವಿದರು, ಸೇತುವೆ ಮುರಿದರು. ಕಾಡಿನ 20 ಚಿಲ್ಲರೆ ಮೈಲಿ ದಾಟಲು ಮೂರು ವಾರಕ್ಕೂ ಹೆಚ್ಚು ಹಿಡಿಯಿತು, ಆಹಾರ ಕರಗಿತು. ಅಕ್ಟೋಬರ್ 17ಕ್ಕೆ 5,000ಕ್ಕೂ ಹೆಚ್ಚು ಜನರೊಂದಿಗೆ ಶರಣಾದ.

ಉತ್ತರ (ಕೋಟೆಕೊತ್ತಲ)
ಯಾರ್ಕ್‌ಟೌನ್ ತೀರ್ಮಾನವಾದದ್ದು ನೀರಿನ ಮೇಲೆ. ಕಾರ್ನ್‌ವಾಲಿಸ್ ನದೀದಡದಲ್ಲಿ ಬೀಡುಬಿಟ್ಟದ್ದೇ ಹಡಗುಗಳು ಬರುತ್ತವೆಂಬ ನಂಬಿಕೆಯಿಂದ. 1781ರ ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಬಾಯಲ್ಲಿ ನೌಕಾಧಿಪತಿ ದ ಗ್ರಾಸ್‌ನ 24 ಫ್ರೆಂಚ್ ಯುದ್ಧನೌಕೆಗಳು ಬ್ರಿಟಿಷ್ ನೌಕಾಧಿಪತಿ ಗ್ರೇವ್ಸ್‌ನ 19ನ್ನು ತಡೆದವು. ಯಾವ ಕಡೆಗೂ ಭಾರೀ ಗೆಲುವೇನಲ್ಲ, ಆದರೆ ಆ ಸಂದಿನಲ್ಲಿ ಇನ್ನೊಂದು ಫ್ರೆಂಚ್ ತುಕಡಿ ಮುತ್ತಿಗೆಯ ದೊಡ್ಡ ಫಿರಂಗಿಗಳನ್ನು ಹೊತ್ತು ಒಳಗೆ ನುಸುಳಿತು. ಅವು ಬಾರದಿದ್ದರೆ ಕಂದಕ ತೋಡಿ ಪ್ರಯೋಜನವಿರಲಿಲ್ಲ.

ಅಕ್ಟೋಬರ್ 6ರ ರಾತ್ರಿ, ಜಿನುಗುಮಳೆಯಲ್ಲಿ, ಮುತ್ತಿಗೆ ಹಾಕಿದ್ದ ಅಮೆರಿಕ-ಫ್ರೆಂಚ್ ಸೈನ್ಯದ ಎಂಜಿನಿಯರುಗಳು ಪೈನ್ ಮರದ ಪಟ್ಟಿಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಗೆರೆ ಗುರುತಿಸಿದರು. ಆ ಗೆರೆಗುಂಟ ಬೆಳಗಾಗುವಷ್ಟರಲ್ಲಿ ಆಳು ಮರೆಯಾಗುವಂತೆ ತೋಡಿ ಮಣ್ಣನ್ನು ಶತ್ರುವಿನ ಕಡೆಗೇ ಏರಿಹಾಕಬೇಕು. ತಡವಾದರೆ ಬೆಳಕಿನಲ್ಲಿ ಫಿರಂಗಿಗೆ ಬಲಿ. 9ಕ್ಕೆ ಗುಂಡಿನ ಸುರಿಮಳೆ ಶುರು. 11ರ ರಾತ್ರಿ ಎರಡನೇ ಕಂದಕ ತೋಡಿದರು, ಆದರೆ ಬ್ರಿಟಿಷರ 9 ಮತ್ತು 10ನೇ ಸಂಖ್ಯೆಯ ಮಣ್ಣಿನ ಕೊತ್ತಲಗಳು ಅಡ್ಡವಾಗಿ ಅದು ನದಿ ಮುಟ್ಟಲಿಲ್ಲ.

14ರ ರಾತ್ರಿ ಎರಡಕ್ಕೂ ತಲಾ 400 ಮಂದಿ ನುಗ್ಗಿದರು. 10ನೆಯದಕ್ಕೆ ಅಮೆರಿಕದ ಅಧಿಕಾರಿ ಹ್ಯಾಮಿಲ್ಟನ್‌ನ ತಂಡ ಬಂದೂಕಿಗೆ ಮದ್ದು ತುಂಬದೆ, ಬಯೋನೆಟ್ ಮಾತ್ರ ಸಿಕ್ಕಿಸಿ ಹೋಯಿತು: ಒಬ್ಬನ ಕೈತಪ್ಪಿ ಗುಂಡು ಹಾರಿದರೂ ಗುಟ್ಟು ರಟ್ಟಾಗುತ್ತಿತ್ತು. ಅವರು ಮುಳ್ಳುಕೊಂಬೆಯ ಬೇಲಿ ಕಡಿಯುವವರಿಗೆ ಕಾಯದೆ ಸಂದಿಯಲ್ಲೇ ತೂರಿದರು. 9ನೆಯದರಲ್ಲಿ ಫ್ರೆಂಚರು ಬೇಲಿ ಕಡಿಯುವವರೆಗೆ ನಿಂತರು, ಗುಂಡಿನೆದುರು ಹೆಚ್ಚು ಜನರನ್ನು ಕಳೆದುಕೊಂಡರು. ಎರಡೂ ಕೈಸೇರಿದವು.

ಕಾರ್ನ್‌ವಾಲಿಸ್‌ನ ಪಡೆ ಒಮ್ಮೆ ಹೊರನುಗ್ಗಿ ಕೆಲವು ಫಿರಂಗಿಗಳು ಹಾರದಂತೆ, ಮದ್ದಿಗೆ ಕಿಡಿ ತಾಗಿಸುವ ಬತ್ತಿತೂತಿಗೆ ಮೊಳೆ ಜಡಿಯಿತು. ಕೆಲವೇ ಗಂಟೆಗಳಲ್ಲಿ ಅವು ಮತ್ತೆ ಗುಡುಗಿದವು. 16ರ ರಾತ್ರಿ ದೋಣಿಯಲ್ಲಿ ನದಿ ದಾಟಲು ಹೊರಟಾಗ ಬಿರುಗಾಳಿ ಎದ್ದಿತು. 19ಕ್ಕೆ 7,000ಕ್ಕೂ ಹೆಚ್ಚು ಜನ ಆಯುಧ ಕೆಳಗಿಟ್ಟರು.

ಮತ್ತೆ ಉತ್ತರ (ಪೆಟ್ಲುಪ್ಪು)
ಒಪ್ಪಿದೆ, ಆದರೆ ಫ್ರೆಂಚರು ಬರುವವರೆಗೆ ಸೈನ್ಯ ಉಳಿಯಬೇಕಿತ್ತಲ್ಲ. 1777ರಲ್ಲಿ ವಾಷಿಂಗ್ಟನ್, ಮುಂದೆ ಸಿಡುಬು ಬಾಧಿಸದಿರಲೆಂದು, ಇಡೀ ಪಡೆಗೆ ಸಿಡುಬಿನ ಕೀವು ಚುಚ್ಚಿಸಲು ಆಜ್ಞೆ ಮಾಡಿದ. ಚುಚ್ಚಿಸಿಕೊಂಡವನು ವಾರಗಟ್ಟಲೆ ಮಲಗುತ್ತಾನೆ, ಸೋಂಕೂ ಹರಡಬಲ್ಲ. ಅದಕ್ಕೇ ಸರದಿಯಂತೆ, ಬೇರೆಯಾಗಿಟ್ಟು, ಶತ್ರುವಿಗೆ ಸುಳಿವು ಸಿಗದಂತೆ ಮಾಡಿಸಿದರು. ನನ್ನ ಮಟ್ಟಿಗೆ ಅವನ ಅತಿ ದೊಡ್ಡ ನಿರ್ಧಾರ ಅದೇ.