ಮಾದರಿ ಸರಕು ರೈಲಿಗೆ ಗ್ರಾಫಿಟಿ: ಬೇಕೆ, ಬೇಡವೆ?

ಹಳಿಯಂಚು

ನನ್ನ ಎಚ್‌ಒ (1:87 ಅಳತೆಯ) ಮಾದರಿ ರೈಲು ಲೇಔಟ್ 1990ರ ದಶಕದ ನಡುಭಾಗದ ಅಮೆರಿಕದ ಸರಕು ಮಾರ್ಗವೊಂದನ್ನು ಅನುಸರಿಸಿ ಕಟ್ಟಿದ್ದು. ಬಾಕ್ಸ್‌ಕಾರ್ (ಮುಚ್ಚಿದ ಪೆಟ್ಟಿಗೆಯಂಥ ವ್ಯಾಗನ್) ಮತ್ತು ಕವರ್ಡ್ ಹಾಪರ್‌ಗಳಿಗೆ (ಧಾನ್ಯದಂಥ ಸಡಿಲ ಸರಕಿನ ಮುಚ್ಚಿದ ವ್ಯಾಗನ್) ತುಕ್ಕು, ಧೂಳು, ಮಾಸಿದ ಬಣ್ಣ ಎಲ್ಲವನ್ನೂ ಕೊಟ್ಟಾಗಿದೆ. ಆದರೂ ಆ ಕಾಲದ ಛಾಯಾಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರೆ ಏನೋ ಕೊರತೆ ಎನಿಸುತ್ತದೆ, ಮತ್ತು ಆ ಕೊರತೆ ಗ್ರಾಫಿಟಿಯದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಕೋಣವೆಂದರೆ ಅಳುಕು. ಇನ್ನೊಬ್ಬರ ಸ್ವತ್ತಿನ ಮೇಲೆ ಅನುಮತಿಯಿಲ್ಲದೆ ಬಳಿದದ್ದನ್ನು ನಾನು ಆಸೆಪಟ್ಟು ನಕಲು ಮಾಡಬೇಕೆ? ಅದಕ್ಕಿಂತ ಹೆಚ್ಚಾಗಿ, ರೈಲು ಕಂಪನಿಯ ಹೆಸರು, ಲಾಂಛನಗಳ ಮೇಲಿನ ಮೋಹದಿಂದಲೇ ಕೊಂಡ ವ್ಯಾಗನ್‌ಗಳಲ್ಲಿ ಅವುಗಳನ್ನೇ ಮುಚ್ಚಿಬಿಡಬೇಕೆ? ಹಾಕಿದವರೂ ಹಾಕದೆ ಬಿಟ್ಟವರೂ ತಮ್ಮ ಕಾರಣಗಳನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಯಾರ್ಡ್‌ಮಾಸ್ಟರ್

ಹಾಕಿ, ಆದರೆ ಮೊದಲು ಕಾಲವನ್ನು ನೋಡಿಕೊಳ್ಳಿ. ನ್ಯೂಯಾರ್ಕ್ ಸಬ್‌ವೇಯಲ್ಲಿ (ನಗರದ ಮೆಟ್ರೊ ರೈಲಿನಲ್ಲಿ) ಗ್ರಾಫಿಟಿ ತುಂಬಿದ ಕೊನೆಯ ರೈಲು ಸಂಚಾರದಿಂದ ಹೊರಬಿದ್ದದ್ದು 1989ರ ಮೇ ತಿಂಗಳಲ್ಲಿ. ಅಲ್ಲಿ ಚಿತ್ರಗಳು ಉಳಿಯುವುದೇ ಕಷ್ಟವಾದಂತೆ ಬಳಿಯುವವರಲ್ಲಿ ಅನೇಕರು ಸರಕು ವ್ಯಾಗನ್‌ಗಳತ್ತ ತಿರುಗಿದರು. ಹಾಗಾಗಿ ತಮ್ಮ ಕಾಲಘಟ್ಟದಲ್ಲಿ ಗ್ರಾಫಿಟಿ ಇದ್ದದ್ದು ನಿಜವಾದರೂ ಈಗಿನ ರೈಲುಗಳಲ್ಲಿ ಕಾಣುವಷ್ಟು ದಟ್ಟವಾಗಿರಲಿಲ್ಲ. ಸ್ಪ್ರೇ ಬಣ್ಣದ ದೊಡ್ಡ ಚಿತ್ರಗಳಿಗಿಂತ ಎಷ್ಟೋ ಮೊದಲಿನಿಂದ, ರೈಲು ಕೆಲಸಗಾರರೂ ಕಳ್ಳಪ್ರಯಾಣ ಮಾಡುತ್ತಿದ್ದ ಅಲೆಮಾರಿಗಳೂ ಸೀಮೆಸುಣ್ಣದಲ್ಲೋ ಎಣ್ಣೆಬಣ್ಣದ ಕಡ್ಡಿಯಲ್ಲೋ ಗೀಚುತ್ತಿದ್ದ ಸಣ್ಣ ರೇಖಾಚಿತ್ರಗಳ ಪರಂಪರೆಯೊಂದಿದೆ. ಚೂಪಾದ ಬಿಳಿ ಬಣ್ಣದ ಪೆನ್ಸಿಲ್ಲಿನಲ್ಲಿ ಅದನ್ನು ಸುಲಭವಾಗಿ ತರಬಹುದು. ಕಂಪನಿಯ ಲಾಂಛನಕ್ಕೂ ಧಕ್ಕೆಯಾಗುವುದಿಲ್ಲ.

ಛಾಯಾಚಿತ್ರ ನೋಡಿ ಮಾಡುವಾಗ ಇನ್ನೊಂದು ಎಚ್ಚರ. ವ್ಯಾಗನ್ ಬದಿಯಲ್ಲಿ ಸಾಲಾಗಿ ಹಳದಿ ಪ್ರತಿಫಲನ ಪಟ್ಟಿಗಳು ಕಂಡರೆ ಅದು ಬಹುಮಟ್ಟಿಗೆ ಅವುಗಳನ್ನು ಕಡ್ಡಾಯ ಮಾಡಿದ 2005ರ ಫೆಡರಲ್ ನಿಯಮದ ನಂತರದ ಚಿತ್ರ. ಅದರಲ್ಲಿರುವ ಗ್ರಾಫಿಟಿ ತಮ್ಮ ಲೇಔಟಿಗೆ ಹೊಂದುತ್ತದೆಂದು ಹೇಳಲಾಗದು.

ಎತ್ತರದಲ್ಲಿ ತಪ್ಪುವವರೇ ಹೆಚ್ಚು. ನೆಲದ ಮೇಲೆ ನಿಂತವನ ಕೈ ಹಳಿಮಟ್ಟದಿಂದ ಎರಡೂಕಾಲು ಮೀಟರ್‌ವರೆಗೆ ಮುಟ್ಟುತ್ತದೆ ಎಂದಿಟ್ಟುಕೊಂಡರೆ 1:87ರ ಅಳತೆಯಲ್ಲಿ ಅದು ಸುಮಾರು 26 ಮಿಲಿಮೀಟರ್. ಏಣಿ ಹಾಕಿ ಇಡೀ ಬದಿಯನ್ನು ತುಂಬಿಸಿದವರೂ ಇದ್ದಾರೆ, ಆದರೆ ಬಹುಪಾಲು ಕೆಲಸ ಕೆಳಗಿನ ಅರ್ಧದಲ್ಲೇ ನಿಲ್ಲುತ್ತದೆ. ಪ್ರತಿ ವ್ಯಾಗನ್‌ನಲ್ಲೂ ಛಾವಣಿಯಂಚಿನವರೆಗೆ ಚಿತ್ರ ತುಂಬಿದ ಲೇಔಟ್‌ಗಳನ್ನು ಕಂಡಾಗಲೆಲ್ಲ ಅಲ್ಲಿಯ ಜನರೆಲ್ಲ ಎರಡಾಳೆತ್ತರವಿರಬೇಕು ಎನಿಸುತ್ತದೆ.

ಸೈಡಿಂಗ್‌ವಾಸಿ

ನಾನು ಹಾಕುವುದಿಲ್ಲ, ಮತ್ತು ನನ್ನ ಕಾರಣ ನೀತಿಗೆ ಸಂಬಂಧಿಸಿದ್ದಲ್ಲ. ತುಕ್ಕಿಗೆ ಹೆಸರಿಲ್ಲ, ಒಂದು ತುಕ್ಕು ಹಿಡಿದ ಹಾಪರ್ ಮತ್ತೊಂದರಂತೆಯೇ ಕಾಣುತ್ತದೆ. ಗ್ರಾಫಿಟಿ ಹಾಗಲ್ಲ. ನೋಡುವವರಿಗೆ ವ್ಯಾಗನ್ ಸಂಖ್ಯೆ ನೆನಪಿರದಿದ್ದರೂ ನೇರಳೆ ಅಕ್ಷರಗಳ ಬಾಕ್ಸ್‌ಕಾರ್ ನೆನಪಿರುತ್ತದೆ. ಅದೇ ಬಾಕ್ಸ್‌ಕಾರ್ ಸುರಂಗದೊಳಗೆ ಹೋಗಿ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಎದುರಿಗೆ ಬಂದರೆ, ಇದು ದೂರದೂರಿಗೆ ಸರಕು ಹೊತ್ತೊಯ್ಯುವ ರೈಲು ಎಂಬ ನಂಬಿಕೆ ಅಲ್ಲಿಗೇ ಮುರಿಯುತ್ತದೆ. ವಾಸ್ತವಿಕತೆಗಾಗಿ ಸೇರಿಸಿದ್ದೇ ವಾಸ್ತವಿಕತೆಯನ್ನು ಕೆಡಿಸುವುದಾದರೆ ಅಷ್ಟು ಶ್ರಮವೇಕೆ?

ಡೀಕ್ಯಾಲ್ ಪ್ರಿಯ

ಸೈಡಿಂಗ್‌ವಾಸಿಯವರ ಮಾತು ಸುತ್ತು ಹಳಿಯ ಸಣ್ಣ ಲೇಔಟಿಗೆ ನೂರಕ್ಕೆ ನೂರು ಸರಿ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಓಡುವ ವಿನ್ಯಾಸದಲ್ಲಿ ಅಷ್ಟು ಕಾಡುವುದಿಲ್ಲ. ಬಣ್ಣದ ಅಬ್ಬರವನ್ನು ತಗ್ಗಿಸಿದರೂ ತೊಂದರೆ ಅರ್ಧ ಕರಗುತ್ತದೆ.

ಮೈಕ್ರೋಸ್ಕೇಲ್, ಬ್ಲೇರ್ ಲೈನ್ ಮೊದಲಾದ ಕಂಪನಿಗಳ ಗ್ರಾಫಿಟಿ ಡೀಕ್ಯಾಲ್‌ಗಳು (ನೀರಲ್ಲಿ ನೆನೆಸಿ ಅಂಟಿಸುವ ತೆಳು ಪೊರೆಯ ಚಿತ್ರಗಳು) ಸಿಗುತ್ತವೆ. ಸ್ವಂತವಾಗಿ ಮುದ್ರಿಸುವುದಾದರೆ, ಸಾಮಾನ್ಯ ಇಂಕ್‌ಜೆಟ್ ಪ್ರಿಂಟರ್‌ಗೆ ಬಿಳಿ ಬಣ್ಣ ಬಾರದು ಎಂಬುದನ್ನು ಮರೆಯಬಾರದು. ಪಾರದರ್ಶಕ ಹಾಳೆಯಲ್ಲಿ ಮುದ್ರಿಸಿ ಕಂದು ವ್ಯಾಗನ್‌ಗೆ ಅಂಟಿಸಿದರೆ ಬಣ್ಣಗಳೆಲ್ಲ ಒಳಗೆ ಮುಳುಗಿಹೋಗುತ್ತವೆ. ಬಿಳಿ ಹಾಳೆಯನ್ನು ಬಳಸಿ ಅಂಚಿನುದ್ದಕ್ಕೂ ಕತ್ತರಿಸುವುದು ಬೇಸರದ ಕೆಲಸವಾದರೂ ಫಲ ಚೆನ್ನಾಗಿರುತ್ತದೆ. ಅಂಟಿಸುವ ಜಾಗಕ್ಕೆ ಮೊದಲು ಹೊಳಪಿನ ಪಾರದರ್ಶಕ ಲೇಪ ಕೊಡಬೇಕು. ಒರಟು ಮೇಲ್ಮೈಯಲ್ಲಿ ಡೀಕ್ಯಾಲ್‌ನ ಅಡಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಿನುಗುತ್ತದೆ. ಆಮೇಲೆ ಮೈಕ್ರೋ ಸಾಲ್‌ನಂಥ ದ್ರಾವಣ ಸವರಿದರೆ ಪೊರೆ ಮೆತ್ತಗಾಗಿ ಪಕ್ಕೆಲುಬುಗಳ ಸಂದಿಗೂ ರಿವೆಟ್‌ಗಳ ಮೇಲಕ್ಕೂ ಕೂರುತ್ತದೆ. ಬಾಗಿಲಿನ ಅಂಚಿನಲ್ಲಿ ಬ್ಲೇಡಿನಿಂದ ಸೀಳಿಬಿಡಿ. ಕೊನೆಗೆ ಹೊಳಪಿಲ್ಲದ ಲೇಪ.

ಎಲ್ಲಕ್ಕಿಂತ ಮುಖ್ಯವಾದದ್ದು ಪದರಗಳ ಕ್ರಮ. ಹೊಚ್ಚಹೊಸ ಚಿತ್ರವಾದರೆ ಅದು ತುಕ್ಕಿನ ಮೇಲೆ ಬರಬೇಕು. ಹತ್ತು ವರ್ಷ ಹಳೆಯದಾದರೆ ತುಕ್ಕು ಅದರ ಮೇಲಿಂದ ಇಳಿದಿರಬೇಕು, ಕೆಂಪು ಬಣ್ಣ ಬಿಸಿಲಿಗೆ ತಿಳಿಗುಲಾಬಿಯಾಗಿರಬೇಕು. ಎಷ್ಟೋ ಮಾದರಿಗಳಲ್ಲಿ ವ್ಯಾಗನ್‌ಗೆ ನಲವತ್ತು ವರ್ಷ ವಯಸ್ಸಾಗಿದ್ದರೂ ಅದರ ಮೇಲಿನ ಪ್ರತಿಯೊಂದು ಚಿತ್ರವೂ ನಿನ್ನೆ ಬಳಿದಂತೆ ಥಳಥಳಿಸುತ್ತದೆ. ಆಟಿಕೆಯಂತೆ ಕಾಣುವುದು ಗ್ರಾಫಿಟಿಯಿಂದಲ್ಲ, ಈ ಏಕವಯಸ್ಸಿನಿಂದ.

ಹಳಿಯಂಚು

ಎಲ್ಲರಿಗೂ ಧನ್ಯವಾದಗಳು. ಪದರಗಳ ವಿಚಾರ ನನಗೆ ಹೊಳೆದೇ ಇರಲಿಲ್ಲ. ನಾನೇ ತೆಗೆದ ಛಾಯಾಚಿತ್ರದಿಂದ ಡೀಕ್ಯಾಲ್ ಮಾಡಿಕೊಳ್ಳಬಹುದೆ? ವ್ಯಾಗನ್‌ನ ಗುರುತಿನ ಅಕ್ಷರ ಮತ್ತು ಸಂಖ್ಯೆಗಳು ಮುಚ್ಚಿಹೋದರೆ ಏನು ಮಾಡಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.

ಯಾರ್ಡ್‌ಮಾಸ್ಟರ್

ಮನೆಯ ಲೇಔಟಿಗೆ ಮಾಡಿಕೊಳ್ಳುವುದಕ್ಕೂ ಮುದ್ರಿಸಿ ಮಾರುವುದಕ್ಕೂ ವ್ಯತ್ಯಾಸವಿದೆ. ಗೋಡೆಚಿತ್ರದ ಹಕ್ಕನ್ನು ಅಮೆರಿಕದ ನ್ಯಾಯಾಲಯಗಳು ಹಗುರವಾಗಿ ಕಂಡಿಲ್ಲ: ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿದ್ದ 5ಪಾಯಿಂಟ್ಜ್ ಕಟ್ಟಡದ ಚಿತ್ರಗಳನ್ನು ಮಾಲೀಕರು 2013ರಲ್ಲಿ ಬಿಳಿ ಬಣ್ಣ ಬಳಿದು ಅಳಿಸಿದ್ದಕ್ಕೆ 2018ರಲ್ಲಿ ಕಲಾವಿದರಿಗೆ 67.5 ಲಕ್ಷ ಡಾಲರ್ ಪರಿಹಾರ ದೊರೆಯಿತು. ಅಲ್ಲಿ ಬಳಿಯಲು ಅನುಮತಿ ಇತ್ತು, ವ್ಯಾಗನ್‌ಗಳ ವಿಷಯದಲ್ಲಿ ಅದಿಲ್ಲ. ಆದರೂ ಮಾರಾಟಕ್ಕೆ ಇಳಿಯದಿರುವುದು ಲೇಸು.

ಸಂಖ್ಯೆಗಳ ವಿಷಯದಲ್ಲಿ ತಮ್ಮ ಅಳುಕಿಗೂ ಪರಿಹಾರವಿದೆ. ಬಳಿಯುವವರಲ್ಲೇ ಅನೇಕರು ಗುರುತಿನ ಅಕ್ಷರ ಮತ್ತು ಸಂಖ್ಯೆಗಳನ್ನು ಬಿಟ್ಟು ಬಳಿಯುತ್ತಾರೆ, ಏಕೆಂದರೆ ಅವು ಮುಚ್ಚಿಹೋದರೆ ಕಂಪನಿ ಅಲ್ಲಿ ಬಣ್ಣ ಹೊಡೆದು ಮತ್ತೆ ಬರೆಸಲೇಬೇಕು, ಜೊತೆಗೆ ಚಿತ್ರವೂ ಹಾಳಾಗುತ್ತದೆ. ಒಂದೆರಡು ವ್ಯಾಗನ್‌ಗಳಲ್ಲಿ ಚಿತ್ರದ ಮೇಲೆ ವ್ಯಾಗನ್ ಬಣ್ಣಕ್ಕೆ ಪೂರ್ತಿ ಹೊಂದದ ಆಯತಾಕಾರದ ತೇಪೆ ಬಳಿದು, ಅದರಲ್ಲಿ ಹೊಸದಾಗಿ ಸಂಖ್ಯೆ ಬರೆಯಿರಿ. ಇಡೀ ರೈಲಿನಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಇಂಥ ತೇಪೆಗಳೇ.

ಸೈಡಿಂಗ್‌ವಾಸಿ

ಹಾಕಲೇಬೇಕೆಂದಿದ್ದರೆ ಒಂದು ಸಲಹೆ: ಪ್ರತಿ ವ್ಯಾಗನ್‌ನ ಒಂದು ಬದಿಗೆ ಮಾತ್ರ ಹಾಕಿ. ನಿಜವಾದ ವ್ಯಾಗನ್‌ಗಳಲ್ಲೂ ಎರಡು ಬದಿಗಳು ಒಂದೇ ರೀತಿ ಇರುವುದಿಲ್ಲ. ತಿರುಗಿಸಿ ನಿಲ್ಲಿಸಿದರೆ ಅದೇ ಬಾಕ್ಸ್‌ಕಾರ್ ಬೇರೆಯದಾಗಿ ಕಾಣುತ್ತದೆ, ತಾವು ಮೆಚ್ಚಿ ಕೊಂಡ ಲಾಂಛನವೂ ಇನ್ನೊಂದು ಬದಿಯಲ್ಲಿ ಹಾಗೆಯೇ ಉಳಿಯುತ್ತದೆ. ಮೊದಲ ಪ್ರಯೋಗಕ್ಕೆ ಬೆಲೆಬಾಳುವ ವ್ಯಾಗನ್ ಬೇಡ. ಚಕ್ರ ಕಳಚಿಹೋದ ಯಾವುದಾದರೂ ಹಳೆಯ ಬಾಕ್ಸ್‌ಕಾರಿನ ಮೈ ಸಾಕು.