ಸಂಜೆಯಾದರೆ ಸೀಸ್ಮೋಮೀಟರ್ (ನೆಲದ ಕಂಪನ ದಾಖಲಿಸುವ ಯಂತ್ರ) ಗೆರೆ ದಪ್ಪ ಆಗ್ತಿದೆ, ಯಾಕೆ?

ಮೂಡಿಗೆರೆ_ತೋಟ: ತಲೆ ಕೆಟ್ಟುಹೋಗಿದೆ ಮಾರಾಯ್ರೆ. ಹಗಲೆಲ್ಲ ಗೆರೆ ತೆಳ್ಳಗೆ ಬರುತ್ತದೆ. ಸಂಜೆಯಾದರೆ ಸಾಕು, ಕರಿ ಪಟ್ಟಿ ಎಳೆದ ಹಾಗೆ. ರಾತ್ರಿ ಹತ್ತರ ಮೇಲೆ ತಾನೇ ಸರಿಹೋಗುತ್ತದೆ. ಆ ಹೊತ್ತಲ್ಲಿ ಇಂಡೋನೇಷ್ಯಾ ನಡುಗಿದರೆ ನನಗೇನು ಕಾಣುತ್ತದೆ? ಸಾಫ್ಟ್‌ವೇರ್ ಮತ್ತೆ ಹಾಕಿದೆ, ಪ್ರಯೋಜನ ಇಲ್ಲ.

ಹಾಸನ_ಕಂಪನ: ಅರ್ಥಿಂಗ್. ಸಂಜೆ ವೋಲ್ಟೇಜ್ ಏರುಪೇರಾಗಿ ಕರೆಂಟಿನ 50 ಹರ್ಟ್ಸ್ ಗದ್ದಲ ಒಳಗೆ ನುಗ್ಗುತ್ತೆ. ಅಡಾಪ್ಟರ್ ತೆಗೆದು ಪವರ್ ಬ್ಯಾಂಕ್ ಹಾಕಿ.

ಮೂಡಿಗೆರೆ_ತೋಟ: ಹಾಕಿದೆ ಸಾರ್. ಹಾಗೇ ಇದೆ.

ಹಾಸನ_ಕಂಪನ: ಹಾಗಾದರೆ ಲ್ಯಾನ್ ಕೇಬಲ್‌ನಿಂದ ಬರ್ತಿದೆ. ಇದ್ದಿಲು, ಉಪ್ಪು ಹಾಕಿ ಹೊಸ ಅರ್ಥ್ ಗುಂಡಿ ಮಾಡಿಸಿ.

ಬೇಲೂರು_ಪೈ: ಸುಮ್ನೆ ಅರ್ಥಿಂಗ್ ಹಿಂದೆ ಹೋಗಬೇಡಿ. ಸೆನ್ಸರ್ ಯಾವುದು, ಎಲ್ಲಿಟ್ಟಿದ್ದೀರಿ? ಸ್ಪೆಕ್ಟ್ರೋಗ್ರಾಂ (ಯಾವ ಹರ್ಟ್ಸ್‌ನಲ್ಲಿ ಎಷ್ಟು ಕಂಪನ ಅಂತ ತೋರಿಸುವ ಚಿತ್ರ) ನೋಡಿದ್ರಾ?

ಮೂಡಿಗೆರೆ_ತೋಟ: ಎಲ್ಲರ ಹತ್ರ ಇರುವ 4.5 ಹರ್ಟ್ಸ್ ಜಿಯೋಫೋನೇ, ನೆಲದ ಅದುರು ಹಿಡಿಯುವ ಅಗ್ಗದ ಸೆನ್ಸರ್. ಸ್ಟೋರ್ ರೂಮಿನ ನೆಲದ ಮೇಲಿದೆ. 24 ಹರ್ಟ್ಸ್‌ನಲ್ಲಿ ನೆಟ್ಟಗೆ ಒಂದು ಹಳದಿ ಗೆರೆ, 48ರಲ್ಲಿ ಮಸುಕಾಗಿ ಇನ್ನೊಂದು.

ಗೊರೂರು_ಬಂಡೆ: ಆ ಜಿಯೋಫೋನಿಗೆ ದೂರದ ಭೂಕಂಪದ ನಿಧಾನದ ಅಲೆ ಸಿಗೋದು ಕಷ್ಟ. ಬ್ರಾಡ್‌ಬ್ಯಾಂಡ್ ಸೀಸ್ಮೋಮೀಟರ್ ಆದರೆ 120 ಸೆಕೆಂಡಿಗೊಮ್ಮೆ ಏರಿಳಿಯುವ ಅಲೆಯನ್ನೂ ಹಿಡಿಯುತ್ತೆ. ಮುಂದೆ ನಮಗೆ ಬೇಕಾಗಿರೋದು ಅಂಥ ಸ್ಟೇಷನ್‌ಗಳೇ. ನಾನು ನೈಸ್ ಅನ್ನೋ ಗಟ್ಟಿ ಬಂಡೆ ಮೇಲೆ ಸೆನ್ಸರ್ ಕೂರಿಸೋ ಪಿಯರ್ (ಕಟ್ಟೆ) ಕಟ್ಟಿದ್ದೀನಿ. 300 ಕೋಟಿ ವರ್ಷಕ್ಕೂ ಹಳೇ ಬಂಡೆ, ಗೆರೆ ಕೂದಲೆಳೆಯಷ್ಟೇ.

ಬೇಲೂರು_ಪೈ: ಒಪ್ಪಲ್ಲ. ದುಬಾರಿ ಸ್ಟೇಷನ್ ನಾಲ್ಕಿದ್ದರೆ ಸಣ್ಣ ಕಂಪನ ಎಲ್ಲಿ, ಎಷ್ಟು ಆಳದಲ್ಲಿ ಆಯ್ತು ಅಂತ ಸರಿಯಾಗಿ ಹೇಳೋಕಾಗಲ್ಲ. 1967ರಲ್ಲಿ ನಡುಗಿದ ಮಹಾರಾಷ್ಟ್ರದ ಕೊಯ್ನಾದಲ್ಲಿ ಈಗ 3 ಕಿ.ಮೀ. ಆಳದ ಬೋರ್ ಕೊರೆದಿದ್ದಾರೆ, ಸುತ್ತ ಸ್ಟೇಷನ್‌ಗಳ ಜಾಲವೇ ಇದೆ. ಮಲೆನಾಡಿಗೂ ಹೋಬಳಿಗೊಂದು ಅಗ್ಗದ ಜಿಯೋಫೋನ್ ಬೇಕು. ನೆಲದಲ್ಲಿ ಹೂತಿರುವ ಫೈಬರ್ ಕೇಬಲ್ಲನ್ನೇ ಸೆನ್ಸರ್ ಮಾಡುವ ತಂತ್ರವೂ ಬಂದಿದೆ.

ಗೊರೂರು_ಬಂಡೆ: ಅಗ್ಗದ್ದು ಸಾವಿರ ಇಟ್ಟರೂ ಪಾಯ ಸರಿಯಿಲ್ಲದಿದ್ದರೆ ಬರೋದು ಗದ್ದಲವೇ.

ಕಳಸ_ಮೋಟರ್: 24 ಹರ್ಟ್ಸ್ ಅಂದ್ರೆ ನಿಮಿಷಕ್ಕೆ 1440 ಸುತ್ತು. ಮೋಟರಿನ ಪ್ಲೇಟ್ ಮೇಲೆ ಬರೆದಿರುತ್ತಲ್ಲ, ಅದೇ ನಂಬರ್. ಈಗ ಕಾಫಿ ಕುಯ್ಲು. ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಓಡ್ತಿದೆಯಾ?

ಮೂಡಿಗೆರೆ_ತೋಟ: ಓಡದೆ ಇರುತ್ತಾ? ಸಂಜೆ ಹಣ್ಣು ತೂಕ ಆದಮೇಲೆ ಅಲ್ವಾ ಪಲ್ಪಿಂಗ್. ಸ್ಟೋರಿಗೂ ಪಲ್ಪರಿಗೂ ಒಂದೇ ಗೋಡೆ.

ಹಾಸನ_ಕಂಪನ: ಆ ಮೋಟರಿನ ಅರ್ಥಿಂಗ್ ನೋಡಿ.

ಕಳಸ_ಮೋಟರ್: ಅರ್ಥಿಂಗ್ ಅಲ್ಲ ಸಾರ್, ನೆಲವೇ ಅದುರುತ್ತಿದೆ. ಸದ್ಯಕ್ಕೆ 0.7ರಿಂದ 2 ಹರ್ಟ್ಸ್ ಮಾತ್ರ ಬಿಡುವ ಫಿಲ್ಟರ್ ಹಾಕಿ, ದೂರದ ದೊಡ್ಡ ಭೂಕಂಪದಿಂದ ಮೊದಲು ಬರುವ ಪಿ ಅಲೆ ಕಾಣುತ್ತೆ. ಹತ್ತಿರದ ಸಣ್ಣ ಕಂಪನ ಬೇಕಾದರೆ ಕಟ್ಟಡದಿಂದ ದೂರ, ಬಂಡೆ ಸಿಗುವವರೆಗೆ ಗುಂಡಿ ತೆಗೆಸಿ. ನೀರು ನಿಲ್ಲಬಾರದು.

ಮೂಡಿಗೆರೆ_ತೋಟ: ಫಿಲ್ಟರ್ ಹಾಕಿದೆ, ಪಟ್ಟಿ ಹೋಯ್ತು. ಗುಂಡಿ ಕುಯ್ಲು ಮುಗಿದ ಮೇಲೆ. ಈಗ ಆಳು ಸಿಗಲ್ಲ.