ನುಸಿ ಅಂದ್ರೆ ಯಾವ ಹುಳ? ಗೋಡೆ ಮೇಲಿನ ಚೀಲದ ಹುಳಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ರಿಗೂ ನಮಸ್ಕಾರ. ನಮ್ಮ ಬೀದಿಯವರಿಗೆ ಹಂಚೋಕೆ ಅಂತ ಮನೆಯೊಳಗಿನ ಹುಳಗಳ ಬಗ್ಗೆ ಒಂದು ಪುಟ ಬರೀತಿದೀನಿ, ಇಂಗ್ಲಿಷಲ್ಲಿ ಮಾತ್ (moth) ಅಂತ ಕರೆಯೋ ಗುಂಪಿಗೆ ಯಾವ ಪದ ಹಾಕ್ಬೇಕು ಅನ್ನೋದೇ ತೊಡಕಾಗಿದೆ, ನಿಮ್ಮ ಸಹಾಯ ಬೇಕು.

ಪತಂಗ ಅಂದ ಕೂಡ್ಲೇ ನೆನಪಾಗೋದು ದೀಪಕ್ಕೆ ಬಿದ್ದು ಸಾಯೋ ಹುಳ, ಹಾತೆ ಅಂದ್ರೂ ಅದೇ. ಆದ್ರೆ ಬಟ್ಟೆ ತಿನ್ನೋ ಜಾತಿ, ಟಿನಿಯೋಲ ಅಂತ ಅದರ ಹೆಸರು, ಬೆಳಕು ಕಂಡ್ರೆ ಓಡಿಹೋಗಿ ಬೀರು ಒಳಗೆ ಮಡಿಕೆ ಸಂದೀಲಿ ಅಡಗುತ್ತೆ. ಬಟ್ಟೆ ತಿನ್ನೋದೂ ಹಾರೋ ಹುಳ ಅಲ್ಲ, ಅದರ ಮರಿಹುಳ, ಅದೂ ಉಣ್ಣೆ ರೇಷ್ಮೆ ಮೇಲೇ ಅದಕ್ಕೆ ಕಣ್ಣು, ಬರೀ ಹತ್ತಿ ಬಟ್ಟೆ ಬೆವರು ಎಣ್ಣೆ ಕಲೆ ಇದ್ರೆ ಮಾತ್ರ. ಹಾಗಾಗಿ ಟ್ಯೂಬ್‌ಲೈಟ್ ಸುತ್ತ ಹಾರೋದನ್ನ ಹೊಡೆದ್ರೆ ಸೀರೆ ಉಳಿಯಲ್ಲ, ಸೀರೆಗಳನ್ನ ಆಗಾಗ ಹೊರಗೆ ತೆಗೆದು ಗಾಳಿಗೆ ಹಾಕಿ ಮಡಿಕೆ ಬದಲಾಯಿಸ್ಬೇಕು. ಚಿಟ್ಟೆ ಅನ್ನೋಣ ಅಂದ್ರೆ, ರಾಮನಗರದ ಕಡೆ ರೇಷ್ಮೆ ಸಾಕೋರು ಗೂಡಿಂದ ಬರೋದನ್ನ ಚಿಟ್ಟೆ ಅಂತಾನೇ ಕರೀತಾರೆ, ಒಳ್ಳೇ ಬಳಕೆ, ಆದ್ರೆ ಪೇಟೆಯವರಿಗೆ ಚಿಟ್ಟೆ ಅಂದ್ರೆ ಹೂವಿನ ಮೇಲೆ ಕೂರೋ ಬಣ್ಣದ್ದು ಮಾತ್ರ.

ನನ್ನ ಒಲವು ನುಸಿ ಕಡೆಗೆ. ನುಸಿ ಗುಳಿಗೆ ಅನ್ನೋ ಮಾತು ಇದ್ದೇ ಇದೆ (ಕೆಲವರು ಡಾಂಬರ್ ಗುಳಿಗೆ ಅಂತಾರೆ), ಕನ್ನಡ ಬೈಬಲ್ಲಿನ ಮತ್ತಾಯನ ಸುವಾರ್ತೆ 6ನೇ ಅಧ್ಯಾಯದಲ್ಲೂ ಕೂಡಿಟ್ಟ ಗಂಟನ್ನ ಹಾಳು ಮಾಡೋದು ನುಸಿನೇ. ಆದ್ರೆ ತೆಂಗಿನ ತೋಟದವರನ್ನ ಕೇಳಿ, 1990ರ ದಶಕದ ಕೊನೇಲಿ ಬಂದ ನುಸಿ ಪೀಡೆ ಅಂತಾರೆ, ಅದು ಕಣ್ಣಿಗೂ ಕಾಣದ, ಜೇಡದ ಬಳಗದ ಜೀವಿ, ರೆಕ್ಕೆನೇ ಇಲ್ಲ. ಕೆಲವು ಕಡೆ ಮುಖದ ಮುಂದೆ ಗುಂಪಾಗಿ ಹಾರೋ ಪುಟ್ಟ ಹುಳಕ್ಕೂ ನುಸಿ, ಅಕ್ಕಿಲಿ ಓಡಾಡೋದಕ್ಕೂ ನುಸಿ.

ಇದು ಬರೀ ಪದದ ಜಗಳ ಅಲ್ಲ, ಹೆಸರು ಕಲಸಿಹೋದ್ರೆ ಮದ್ದೂ ಕಲಸಿಹೋಗುತ್ತೆ. ಬೇಳೆ ಕಾಳಲ್ಲಿ ದುಂಡಗೆ ತೂತು ಬಿದ್ದಿದ್ರೆ ಅದು ಕುಟ್ಟೆ, ದುಂಬಿ ಜಾತಿ, ಅದಕ್ಕೆ ಹಿಂದಿನೋರು ಹರಳೆಣ್ಣೆ ಸವರಿಡ್ತಿದ್ದಿದ್ದು ಸರಿಯಾದ ಉಪಾಯ. ರವೆ ಉಂಡೆಉಂಡೆಯಾಗಿ ದಾರದ ಹಾಗೆ ಬಲೆ ಕಟ್ಟಿದ್ರೆ ಅದು ಪತಂಗದ ಮರಿಹುಳದ ಕೆಲಸ, ನಮ್ಮಲ್ಲಿ ಸಾಮಾನ್ಯವಾಗಿ ಕಾರ್ಸೈರಾ ಅನ್ನೋದು. ರವೆಗೆ ಎಣ್ಣೆ ಸವರೋಕಾಗುತ್ತಾ. ಜರಡಿ ಹಿಡಿದು ಹುಳ ತೆಗೆದ್ರೂ ಮೊಟ್ಟೆ ಉಳೀತವೆ, ಬಲೆ ಕಟ್ಟಿದ ಪ್ಯಾಕೆಟ್ ಎಸೆದುಬಿಡೋದೇ ವಾಸಿ, ಮತ್ತೆ ಬೆಳೆದ ಮರಿಹುಳ ತಿಂಡಿ ಬಿಟ್ಟು ಶೆಲ್ಫಿನ ಮೂಲೆಗೋ ಡಬ್ಬಿ ಮುಚ್ಚಳದ ಸುರುಳಿಗೋ ಹತ್ತಿ ಗೂಡು ಕಟ್ಟೋದ್ರಿಂದ ಅದನ್ನೂ ಉಜ್ಜದೇ ಇದ್ರೆ ಮತ್ತೆ ಶುರು. ಹೊಸಾ ರವೆ, ಹಿಟ್ಟು ತಂದಾಗ ಒಂದು ವಾರ ಫ್ರೀಜರಲ್ಲಿಟ್ಟು ಆಮೇಲೆ ಬಿಗಿ ಡಬ್ಬಿಗೆ ಹಾಕಿದ್ರೆ ಮೊಟ್ಟೆನೂ ಸಾಯುತ್ತೆ. ನುಸಿ ಅನ್ನೋ ಒಂದೇ ಹೆಸರಲ್ಲಿ ಎಲ್ಲಾ ಸೇರಿಸಿದ್ರೆ ಯಾರಾದ್ರೂ ನುಸಿ ಗುಳಿಗೆನ ಅಕ್ಕಿ ಡಬ್ಬದ ಪಕ್ಕ ಇಟ್ಟುಬಿಡ್ತಾರೆ ಅಂತ ನನಗೆ ನಿಜವಾಗ್ಲೂ ಭಯ, ಅದು ವಿಷ, ಎಳೇ ಮಕ್ಕಳ ಬಟ್ಟೆ ಹತ್ರಾನೂ ಇಡಬಾರದು, ಕೆಲವು ಮಕ್ಕಳಿಗೆ ಅದರ ಹಬೆಯಿಂದ ರಕ್ತದ ಕಣಗಳೇ ಒಡೀತವೆ.

ಇನ್ನೊಂದು ಹುಳ ಇಂಡಿಯನ್ ಮೀಲ್ ಮಾತ್, ರೆಕ್ಕೆಯ ಬುಡ ಬೂದು, ತುದಿ ಕಡೆ ತಾಮ್ರದ ಬಣ್ಣ. ಇದನ್ನ ಭಾರತೀಯ ಊಟದ ಪತಂಗ ಅಂತ ಯಾರೂ ದಯವಿಟ್ಟು ಅನುವಾದ ಮಾಡ್ಬೇಡಿ, ಅಮೆರಿಕದಲ್ಲಿ ಮೆಕ್ಕೆಜೋಳದ ಹಿಟ್ಟಿಗೆ ಇಂಡಿಯನ್ ಮೀಲ್ ಅಂತಿದ್ರು, ಹೆಸರು ಅಲ್ಲಿಂದ ಬಂದಿದ್ದು.

ಈಗ ಮುಖ್ಯ ಪ್ರಶ್ನೆ. ಮಳೆಗಾಲದಲ್ಲಿ ಗೋಡೆ ಮೇಲೆ ಕುಂಬಳ ಬೀಜದ ಹಾಗೆ ಚಪ್ಪಟೆ, ಬೂದು ಬಣ್ಣದ, ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನ ಚೀಲ ನಿಧಾನಕ್ಕೆ ಹರಿಯುತ್ತಲ್ಲ, ಅದು. ಮರಳು, ಧೂಳು, ದಾರದ ಚೂರು ಸೇರಿಸಿ ತಾನೇ ನೇಯ್ದ ಚೀಲ, ಎರಡೂ ಕಡೆ ಬಾಯಿ, ಒಳಗಿರೋದೂ ಪತಂಗದ ಮರಿಹುಳವೇ, ಯಾವ ಕಡೆಯಿಂದಾದ್ರೂ ತಲೆ ಹೊರಗೆ ಹಾಕುತ್ತೆ. ಜೇಡನ ಹಳೇ ಬಲೆ, ಉದುರಿದ ಕೂದಲು, ಸತ್ತ ಹುಳ ಇದರ ಆಹಾರ, ಹಾಗಾಗಿ ಬಲೆ ಹೊಡೆದು ಮಂಚದ ಕೆಳಗೆ ಗುಡಿಸಿ ತೇವ ಕಮ್ಮಿ ಮಾಡಿದ್ರೆ ಸ್ಪ್ರೇ ಬೇಕಾಗೋದೇ ಇಲ್ಲ. ನಾವು ಮನೇಲಿ ಚೀಲದ ಹುಳ ಅಂತೀವಿ, ಬಲೆ ಹುಳ ಅಂದೋರೂ ಇದಾರೆ, ಆದ್ರೆ ಅದು ರವೆಲಿ ಬಲೆ ಕಟ್ಟೋದಕ್ಕೆ ಹೆಚ್ಚು ಹೊಂದುತ್ತೆ ಅನ್ನಿಸುತ್ತೆ. ಕರಾವಳಿಯೋರು, ಮಲೆನಾಡಿನೋರು, ಧಾರವಾಡ ಕಡೆಯೋರು, ಮನೇಲಿ ಹಿರಿಯರು ಏನಂತಿದ್ರು ಅಂತ ಊರಿನ ಹೆಸರು ಸಮೇತ ತಿಳಿಸಿ. ತುಳು, ಕೊಡವ, ಕೊಂಕಣಿ ಪದ ಆದ್ರೂ ಪರವಾಗಿಲ್ಲ. ಹಾಗೇ ನಿಮ್ಮಲ್ಲಿ ನುಸಿ ಅಂದ್ರೆ ರೆಕ್ಕೆ ಇರೋದಾ ಇಲ್ಲದ್ದಾ ಅನ್ನೋದನ್ನೂ ಒಂದು ಸಾಲು ಬರೀರಿ.